ಕೂಗು ಕೇಳುವ ಮಷೀನು

ಚಿತ್ತವಾಡ್ಗಿ, ಹೊಸಪೇಟೆ
18-2-2007

ತಮ್ಮ ಹೊನ್ನೂರುಸ್ವಾಮಿಗೆ ಅಕ್ಕನ ಆಶೀರ್ವಾದ.

ನೀನು ಮತ್ತೆ ಸಂಡೂರಿನ ಗುಡ್ಡ ಹತ್ತಿ ವಾರವಾಯಿತು. ಬರೆಯಲು ತಡವಾದದ್ದು ಕೆಲಸದಿಂದಲ್ಲ, ಅಂಜಿಕೆಯಿಂದ. ಫೋನಿನಲ್ಲಿ ಏನು ಹೇಳಿದರೂ ‘ಹ್ಞೂಂ, ಹ್ಞೂಂ’ ಅಂದು ಇಟ್ಟುಬಿಡುತ್ತೀಯ; ಅದಕ್ಕೇ ಕಾಗದ. ಅವ್ವ ಆರಾಮಿದ್ದಾಳೆ. ನನ್ನ ಮಗಳು ಹೇಮಾ ‘ಮಾವ ಯಾವಾಗ ಬರ್ತಾನ?’ ಅಂತ ಜೀವ ತಿನ್ನುತ್ತಾಳೆ.

ಆ ಭಾನುವಾರ ನಮ್ಮ ಓಣಿಯಲ್ಲಿ ನಡೆದ ಪಂದ್ಯ ಕಣ್ಣಿಂದ ಹೋಗುತ್ತಿಲ್ಲ. ಮರ ಕೊಯ್ಯಲು ದೊಡ್ಡ ಮಷೀನು ಬೇಕೆಂದು ನೀನು ಕೇಳಿದ್ದಕ್ಕೆ ನಿಮ್ಮ ಗುತ್ತಿಗೆದಾರ ಇಟ್ಟ ಪಂದ್ಯ ಅದು. ಒಂದು ಕಡೆ, ಬಾಡಿಗೆಗೆ ತಂದ ದೊಡ್ಡದು, ಕಂಪನಿಯಿಂದ ಬಂದ ಹಾಗೇ ಇದ್ದದ್ದು. ಇನ್ನೊಂದು ಕಡೆ, ದೀಪಾವಳಿಯಿಂದ ನೀನು ಹಿಡಿದಿರುವ ಸಣ್ಣದು. ಮೆಕ್ಯಾನಿಕ್ ರೇವಣಸಿದ್ದ ಆಗಲೇ ಸೈಲೆನ್ಸರ್ ಕೊರೆದು, ಉದ್ದ ಬ್ಲೇಡು ಕೂಡಿಸಿ ಕೊಟ್ಟದ್ದು. “ಇದರ ಗಂಟಲ ಬಿಚ್ಚೀನಿ, ಈಗ ನೋಡ್ರಿ ಹೆಂಗ ಹಾಡ್ತೈತಿ” ಅಂದ. ಹಾಡಲಿಲ್ಲ, ಚೀರಿತು. ಆದರೂ ಜಾಲಿ ದಿಮ್ಮಿಯನ್ನು ದೊಡ್ಡದರ ಸರಿಸಮ ಕೊಯ್ದಿತು. ಓಣಿಯೆಲ್ಲ ಚಪ್ಪಾಳೆ. ಗುತ್ತಿಗೆದಾರ ಹಿಗ್ಗಿಹೋದ: “ಇನ್ನ ದೊಡ್ಡದು ಯಾಕಲೇ? ಅದಕ್ಕ ಪೆಟ್ರೋಲು ನಿಮ್ಮ ಮಾವ ಹಾಕ್ತಾನೇನು?” ನೀನೂ ನಕ್ಕೆ.

ನಾನು ನಗಲಿಲ್ಲ. ಜಾಲಿ ದಿಮ್ಮಿ ನೆಲದ ಮೇಲೆ ಬಿದ್ದುಕೊಂಡಿತ್ತು. ಗುಡ್ಡದ ಮರ ನಿಂತಿರುತ್ತದೆ. ಅದು ಲಟಕ್ಕೆಂದಾಗ ದೂರ ನಿಂತ ನಿನ್ನ ಜೊತೆಗಾರ ಚನ್ನಯ್ಯ “ಬಂತು, ಓಡು!” ಎಂದು ಕೂಗಬೇಕು, ನೀನು ಓಡಬೇಕು. ಈ ಪದ್ಧತಿ ನೀನೇ ಹೇಳಿದ್ದು. ದೊಡ್ಡದು ಓಡುವಾಗ ನಾನು ಕಟ್ಟೆಯಿಂದ ಕೂಗಿ ನೋಡಿದೆ. ರೇವಣಸಿದ್ದ ತಿರುಗಿ ನೋಡಿದ. ಸಣ್ಣದು ಓಡುವಾಗ ಕೂಗಿದೆ. ನನ್ನ ಕೂಗು ನನಗೇ ಕೇಳಲಿಲ್ಲ.

ಅದಿರು ಸಾಗಿಸಲು ಇವರಿಗೆ ಲಾರಿ ಸಾಲು ಸಾಲು. ಗಣಿಗೆ ದಾರಿ ಬಿಡಿಸುವವನಿಗೆ ಮಾತ್ರ ಗಂಟಲು ಸೀಳಿದ ಸಣ್ಣ ಮಷೀನು. ಉಳಿದದ್ದು ಅವರ ಪೆಟ್ರೋಲು, ಸುಡುವುದು ನಮ್ಮ ಜೀವ. ಕಾಡು ಕಡಿಯಬೇಡಿ ಎಂದು ಧರಣಿ ಕೂತವಳು ನಾನು. ನಿನ್ನ ಜೊತೆಗಿನ ಆ ಜಗಳ ಬಿಟ್ಟಿಲ್ಲ. ಇವತ್ತು ಮಾತು ಒಂದೇ: ದೊಡ್ಡ ಮಷೀನು ಕೊಡುವ ತನಕ ಮರ ಮುಟ್ಟಬೇಡ. “ಕೆಲಸ ಬಿಡಸ್ತಾರಕ್ಕ” ಅಂತೀಯ. ಬಿಡಿಸಲಿ. ಗೇಟಿನ ಮುಂದೆ ಕೂರುವುದು ನನಗೆ ಹೊಸದಲ್ಲ.

ಜಂಬುನಾಥ ನಿನ್ನ ಬೆನ್ನಿಗಿರಲಿ. ನೂರು ಕಾಲ ಬಾಳು.

ನಿನ್ನ ಅಕ್ಕ,
ಸುಂಕಮ್ಮ

ಮರೆತು ಉಳಿದದ್ದು ಎಂದರೆ ಸುಳ್ಳಾಗುತ್ತದೆ. ಮೇಲೆ ಬರೆಯಲು ಕೈ ಬರಲಿಲ್ಲ. ಆ ಭಾನುವಾರ ಪಂದ್ಯ ಮುಗಿದು, ಮಷೀನುಗಳು ತಣ್ಣಗಾದ ಮೇಲೆ ನೀನು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದೆ. ಹೇಮಾ ನಿನ್ನ ಬೆನ್ನ ಹಿಂದೆ ನಿಂತು “ಮಾವ” ಅಂದಳು. ಮತ್ತೆ ಅಂದಳು. ಕಿರುಚಿದಳು. ನೀನು ತಿರುಗಲಿಲ್ಲ. “ಮಾವ ನನ್ನ ಕೂಡ ಠೂ ಬಿಟ್ಟಾನೇನವ್ವ?” ಅಂತ ಇವತ್ತೂ ಕೇಳುತ್ತಾಳೆ. ದೊಡ್ಡ ಮಷೀನು ಕೊಟ್ಟರೂ ಬೇಡ, ಹೊನ್ನೂರ. ಚನ್ನಯ್ಯ ಎಷ್ಟೇ ಕೂಗಿದರೂ ನಿನಗೆ ಕೇಳುವುದಿಲ್ಲ. ಇಳಿದು ಬಾ.