ನಾನು ನಿಂತದ್ದೇ ತಪ್ಪಂತೆ

ವರ್ನಾ ಅಕ್ಕಾ,

ಒಹಾಯೊದಲ್ಲಿ ಮಗಳ ಮನೆ ಸೇರಿದೆ, ಆದರೆ ತಲೆ ಕೆಟ್ಟುಹೋಗಿದೆ. ನಿನ್ನೆ ನಾಲ್ಕು ಸಾಲಿನ ರಸ್ತೆಯಲ್ಲಿ ಕಾರು ಓಡಿಸುತ್ತಿದ್ದಾಗ ಎದುರಿನಿಂದ ಬಂದ ಸ್ಕೂಲ್ ಬಸ್ಸು ನಿಂತು, ಮಕ್ಕಳು ಇಳಿಯುತ್ತಾರೆ, ಎಲ್ಲರೂ ನಿಲ್ಲಿ ಎನ್ನುವ ಕೆಂಪು ದೀಪ ಹಾಕಿತು. ಜೀವಮಾನವೆಲ್ಲ ಅಂಥದೇ ಬಸ್ಸು ಓಡಿಸಿದ ನಿನ್ನ ತಂಗಿ ನಾನು, ನಿಲ್ಲದೆ ಇರುತ್ತೇನೆಯೇ? ನಿಂತೆ. ಹಿಂದಿನವರೆಲ್ಲ ಹಾರ್ನ್ ಹೊಡೆದರು. ಪಕ್ಕದ ಸಾಲಿನವರು ಭರ್ರನೆ ಹೋಗುತ್ತಲೇ ಇದ್ದರು. ಬಸ್ಸಿನಿಂದ ಇಳಿದ ಪುಟ್ಟ ಹುಡುಗಿಯೊಬ್ಬಳು ನಾನು ನಿಂತದ್ದನ್ನು ಕಂಡು, ಈಚೆ ಬದಿಯ ಐಸ್‌ಕ್ರೀಂ ಅಂಗಡಿಗೆಂದು ರಸ್ತೆಗೆ ಇಳಿದೇಬಿಟ್ಟಳು! ಬಸ್ಸಿನ ಡ್ರೈವರಮ್ಮ ಕಿರುಚಿ ವಾಪಸು ಕರೆದಳು.

ಪೊಲೀಸಿನವನು ಬಂದ. "ಅಜ್ಜೀ, ಇಷ್ಟು ಅಗಲದ ರಸ್ತೇಲಿ ಎದುರುಗಡೆಯವ್ರು ನಿಲ್ಬೇಕಾಗಿಲ್ಲ. ಮಕ್ಳನ್ನ ಅವರ ಮನೆ ಬದೀಲೇ ಇಳಿಸ್ತಾರೆ. ನೀವು ನಿಂತಿದ್ದು ಆ ಮಗೂನ ಕೈಬೀಸಿ ಕರೆದಂಗಾಯ್ತು."

"ನಮ್ಮ ರಾಜ್ಯದಲ್ಲಿ ನಿಲ್ದೇ ಹೋದ್ರೆ ದಂಡ ಹಾಕ್ತಾರಪ್ಪಾ!"

"ಹಾಗಾದ್ರೆ ಅಲ್ಲೇ ನಿಲ್ಲಿ," ಎಂದು ನಕ್ಕ.

ಯಾರು ಸರಿ, ನೀನೇ ಹೇಳು. ಮೊಣಕಾಲು ನೋವು ಕಡಿಮೆ. ಇವತ್ತು ಕಾರಿನ ಸಹವಾಸವೇ ಬೇಡವೆಂದು ಬ್ರೆಡ್ಡು ತರಲು ನಡೆದೇ ಹೊರಟೆ. ಎದುರಿಗೆ ಮತ್ತೆ ಅದೇ ಬಸ್ಸು, ಕೆಂಪು ದೀಪ. ನನ್ನ ಬದಿಯ ಕಾರುಗಳೆಲ್ಲ ಹೋದವು. ಫುಟ್‌ಪಾತಿನ ಮೇಲೆ ನಾನೊಬ್ಬಳೇ ನಿಂತಿದ್ದೆ.

ಕಾರ್ಡಿನಲ್ಲಿ ಜಾಗ ಮುಗಿಯಿತು,
ಡೊರೀನ್