ಸಮಾಧಿಯ ವಿಗ್ರಹಗಳನ್ನು ಎಸೆದವರು

ಬೋರ್ಗೊ ಪಿಯೊ, ರೋಮ್
ನವೆಂಬರ್ ೯, ಮಧ್ಯಾಹ್ನ ನಾಲ್ಕು ಗಂಟೆ

ಮಗಳೇ ಲುಚಿಲ್ಲಾ,

ಅದಕ್ಕೇ ನಾನು ಹೇಳಿದ್ದು, ಅಮ್ಮನ ಆ ನೀಲಿ ಶಾಲು ನಿನಗೇ ಸೇರಬೇಕು, ಅಂಚೆಯಲ್ಲಿ ಕಳಿಸಲು ಮನಸ್ಸಿಲ್ಲ ಅಂತ. ನಿನ್ನೆ ಅಡುಗೆಮನೆಯಲ್ಲಿ ಇಷ್ಟು ಹೇಳುವಷ್ಟರಲ್ಲಿ ಕಾಫಿ ಉಕ್ಕಿತು, ಮಾತು ಅಲ್ಲಿಗೇ ನಿಂತಿತು. ಗಾಬರಿಯಾಗಬೇಡ, ನೀನು ಎದುರಿಗಿರಲಿಲ್ಲ ಎಂಬುದು ನನಗೆ ಗೊತ್ತಿದೆ. ಅಮ್ಮ ಹೋಗಿ ವರ್ಷವಾಯಿತು, ನೀನು ನನ್ನ ಫೋನ್ ಎತ್ತದೆಯೂ ವರ್ಷವಾಯಿತು. ಒಲೆಯ ಮುಂದೆ ನಿಂತು ನಿನ್ನೊಡನೆ ಮಾತಾಡುವುದು ಅಭ್ಯಾಸವಾಗಿದೆ. ಆರೋಗ್ಯ ಹೇಗಿದೆ? ತ್ರಿಯೆಸ್ತೆಯಲ್ಲಿ ಈಗ ಆ ಹಾಳು ಗಾಳಿ ಶುರುವಾಗಿರಬೇಕು. ಕಿವಿ ಮುಚ್ಚಿಕೊಂಡು ಓಡಾಡು, ಚಿಕ್ಕಂದಿನಿಂದಲೂ ನಿನಗೆ ಕಿವಿನೋವು. ಇಲ್ಲಿ ನನ್ನ ಮಂಡಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ನಡೆಯುತ್ತಿದೆ.

ನಿವೃತ್ತಿಯಾದರೂ ವಾರಕ್ಕೆ ಮೂರು ದಿನ ನಾನು ಕಾವಲಿದ್ದ ಆ ಕೋಟೆಗೆ ಹೋಗಿಬರುತ್ತೇನೆ. ಕೆಳಮನೆಯ ಪೀನಾ ಮೆಟ್ಟಿಲಲ್ಲೇ ಹಿಡಿದು ನಿಲ್ಲಿಸಿ, ‘ಏನ್ರೀ ಎತ್ತೋರೆ, ಮೂವತ್ತೊಂದು ವರ್ಷ ಬಾಗಿಲು ಕಾದ್ರಲ್ಲ, ಚಕ್ರವರ್ತಿ ಇನ್ನೂ ಮನೆಗೆ ಬಂದಿಲ್ವಾ?’ ಎಂದು ಛೇಡಿಸುತ್ತಾಳೆ. ಎಲ್ಲಿಂದ ಬರಬೇಕು? ಪಾಪ, ಆ ಚಕ್ರವರ್ತಿ ಹೇಡ್ರಿಯನ್, ಹೆಂಡತಿಗೂ ತನಗೂ ಸೇರಿಸಿ ಅಷ್ಟು ದೊಡ್ಡ ಸಮಾಧಿ ಕಟ್ಟಿಸಲು ಹೊರಟ, ಅದು ಮುಗಿಯುವ ಮುಂಚೆ ತಾನೇ ಮುಗಿದ. ಆಮೇಲೆ ಉತ್ತರದಿಂದ ದಂಡೆತ್ತಿ ಬಂದ ಗೋಥರು ಊರಿಗೆ ನುಗ್ಗಿ ಗಂಡಹೆಂಡಿರ ಬೂದಿಯನ್ನೂ ಚೆಲ್ಲಾಡಿದರು. ಆಮೇಲಿನ ಪೋಪರು ಅದನ್ನೇ ಕೋಟೆ ಮಾಡಿಕೊಂಡು ಕಾಳಿನ ಕಣಜ ತುಂಬಿದರು, ಎಣ್ಣೆಯ ಹಂಡೆಗಳನ್ನಿಟ್ಟರು, ಬೇಡವಾದವರನ್ನು ಕತ್ತಲ ಕೋಣೆಗೆ ತಳ್ಳಿದರು. ನಮ್ಮ ಬೀದಿಯ ಹಿಂದಿನ ಗೋಡೆಯ ಮೇಲೆಯೇ ಅಲ್ಲವೇ ಒಬ್ಬ ಪೋಪ್ ಜೀವ ಕೈಯಲ್ಲಿ ಹಿಡಿದು ಆ ಕೋಟೆಗೆ ಓಡಿದ್ದು? ಬಿಳಿಯ ನಿಲುವಂಗಿ ಶತ್ರುಗಳ ಗುಂಡಿಗೆ ಗುರಿಯಾದೀತೆಂದು ಯಾರೋ ತಮ್ಮ ಮೇಲಂಗಿ ಹೊದಿಸಿದರಂತೆ. ಸತ್ತವರಿಗೆಂದು ಕಟ್ಟಿದ ಜಾಗದಲ್ಲಿ ಬದುಕಿದ್ದವರು ಅವಿತುಕೊಂಡರು.

ಪ್ರವಾಸಿಗರಿಗೆ ಇದನ್ನೆಲ್ಲ ನನ್ನ ಎರಡು ವರ್ಷದ ಕಾಲೇಜು ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ‘ದಿಸ್ ಈಸ್ ಟೂಂಬ್, ಬಟ್ ನೋಬಡಿ ಅಟ್ ಹೋಮ್.’ ಮುಂದಿನ ಸಾಲುಗಳು ಈಗ ಮರೆತುಹೋಗಿವೆ. ಒಮ್ಮೆ ಊಟದ ಡಬ್ಬಿ ತಂದಿದ್ದ ನಿನ್ನ ಅಮ್ಮ ಅದನ್ನು ಕೇಳಿಸಿಕೊಂಡು, ‘ಅವತ್ತೇ ನೀನು ಬಾಗಿಲಲ್ಲಿ ನಿಂತು ಇಂಗ್ಲಿಷ್ ಮಾತಾಡಿದ್ರೆ ಗೋಥರು ಹಂಗೇ ವಾಪಸ್ ಹೋಗ್ತಿದ್ರು ಬಿಡು’ ಅಂದಳು. ಡಬ್ಬಿಯಲ್ಲಿ ದಪ್ಪ ಮೆಣಸಿನಕಾಯಿ ಹಾಕಿ ಬೇಯಿಸಿದ ಕೋಳಿಯಿತ್ತು. ಎಲ್ಲಿಂದ ಎಲ್ಲಿಗೋ ಹೋಗುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ.

ಇಂದು ಮೇಲಿನ ಕಟ್ಟೆಯ ಹತ್ತಿರ ಹೊಸ ಗೈಡ್ ಹೆಂಗಸೊಬ್ಬಳು ಗೋಥರು ಮತ್ತೊಮ್ಮೆ ಮುತ್ತಿಗೆ ಹಾಕಿದ ಕಥೆ ಹೇಳುತ್ತಿದ್ದಳು. ಬೇರೆ ದಾರಿ ಕಾಣದೆ, ಒಳಗಿದ್ದ ಸೈನಿಕರು ಸಮಾಧಿಯ ಮೇಲಿದ್ದ ಅಮೃತಶಿಲೆಯ ವಿಗ್ರಹಗಳನ್ನೇ ಒಡೆದು ಕೆಳಗಿನವರ ತಲೆಯ ಮೇಲೆ ಎಸೆದರು. ‘ಹೀಗೆ ಕೋಟೆ ಉಳಿಯಿತು’ ಎಂದು ಮುಗಿಸಿದಳು. ಸಾವಿರ ಸಲ ನಾನೂ ಹಾಗೆಯೇ ಮುಗಿಸಿದ್ದೇನೆ. ಇಂದು ಮಾತ್ರ ಅವಳ ಗುಂಪು ಮುಂದೆ ಹೋದರೂ ನಾನು ಆ ಕಟ್ಟೆಯ ಬಳಿಯೇ ಉಳಿದು ಕೆಳಗೆ ನೋಡಿದೆ. ನಾವಿಬ್ಬರೂ ಮಾಡಿದ್ದು ಅದನ್ನೇ ಅಲ್ಲವೇ, ಮಗಳೇ? ಅಮ್ಮನನ್ನು ಮಣ್ಣು ಮಾಡಿ ಬಂದ ಸಂಜೆ, ಕಾಲಿನ ಶೂ ಕೂಡ ಬಿಚ್ಚದೆ, ಸತ್ತವಳನ್ನೇ ತುಂಡು ತುಂಡು ಮಾಡಿ ಒಬ್ಬರ ಮೇಲೊಬ್ಬರು ಎಸೆದೆವು. ‘ಅಮ್ಮ ಒಬ್ಳೇ ಸಾಯೋವಾಗ ನೀನೆಲ್ಲಿದ್ದೆ ಅಪ್ಪಾ? ಸತ್ತ ರಾಜನ್ನ ಕಾಯ್ತಿದ್ಯಾ?’ ಅಂದೆ ನೀನು. ನಾನು ಕೈಗೆ ಸಿಕ್ಕಿದ್ದರಲ್ಲಿ ಅತಿ ಭಾರದ್ದನ್ನೇ ಎತ್ತಿದೆ. ‘ಕೊನೇವರೆಗೂ ಅವಳು ನಿನ್ನ ಹೆಸರೇ ಎತ್ತಲಿಲ್ಲ’ ಅಂದೆ. ಊರು ಬಿಟ್ಟು ಹೋದದ್ದಕ್ಕೆ ಅಮ್ಮನಿಗೆ ನಿನ್ನ ಮೇಲೆ ಇನ್ನೂ ಸಿಟ್ಟಿದೆಯೆಂದು ನೀನು ಒಳಗೊಳಗೇ ಅಂಜುತ್ತಿದ್ದೆ. ಅದು ಗೊತ್ತಿದ್ದೇ ಎಸೆದೆ. ನೀನು ಚೀಲ ಎತ್ತಿಕೊಂಡು ಮೆಟ್ಟಿಲಿಳಿದೆ.

ಆ ವಿಗ್ರಹಗಳಲ್ಲೊಂದು ಸಾವಿರ ವರ್ಷ ಕಳೆದ ಮೇಲೆ ಕಂದಕದ ಕೆಸರಿನಲ್ಲಿ ಸಿಕ್ಕಿತಂತೆ, ಮುರಿದು ಹೋಗಿ. ಅಷ್ಟು ದಿನ ನಾನು ಕಾಯಲಾರೆ.

ಇನ್ನೂ ಬರೆಯುವುದಿತ್ತು. ಆದರೆ ಕಿಟಕಿಯಲ್ಲಿ ಬೆಳಕು ಹೋಗುತ್ತಿದೆ, ಅಕ್ಷರಗಳು ಒಂದರ ಮೇಲೊಂದು ಹತ್ತುತ್ತಿವೆ. ಎದ್ದು ದೀಪ ಹಾಕಿದರೆ ಈ ಕಾಗದವನ್ನು ಓದಿ ಹರಿದುಹಾಕಿಬಿಡುತ್ತೇನೆ. ಎಲ್ಲಿದ್ದರೂ ಬೆಚ್ಚಗಿರು ತಾಯಿ, ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಪ್ಪ
ಎತ್ತೋರೆ

ವಿ.ಸೂ.: ಅಂದು ನಾನು ಹೇಳಿದ್ದು ಸುಳ್ಳು. ಅಮ್ಮ ಮೂರು ದಿನ ನಿನ್ನನ್ನೇ ಕೇಳಿದಳು. ‘ಲುಚಿಲ್ಲಾಗೆ ಫೋನ್ ಮಾಡು, ಈಗ್ಲೇ ಮಾಡು’ ಅಂದಳು. ಮಾಡಿದ್ದರೆ ಅಮ್ಮ ಹೋಗುತ್ತಿದ್ದಾಳೆ ಎಂದು ನನ್ನ ಬಾಯಿಂದಲೇ ಹೇಳಬೇಕಾಗುತ್ತಿತ್ತು. ಮಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ‘ಹೊರಟ್ಲಾ?’ ಎಂದಳು. ‘ರೈಲು ಹತ್ತಿದಾಳೆ’ ಅಂದೆ. ಹಾಗಾದರೆ ನನ್ನ ತಲೆ ಬಾಚು ಅಂದಳು. ಬಾಚಿ, ಕೆಲಸಕ್ಕೆ ಹೋದೆ.