ಕಿವಿಗೆ ಒಗ್ಗುವ ಷೆಲ್

ಜೂನ್ ೩, ಬೆಳಿಗ್ಗೆ

ಗಿಳಿರಾಯನ ಮಾತಿನ ವೇಗ ಇನ್ನಷ್ಟು ಹೆಚ್ಚಿಸಿದೆ. ಪರದೆಯಲ್ಲಿರುವುದನ್ನೆಲ್ಲ ಓದಿ ಹೇಳುವ ಸಾಫ್ಟ್‌ವೇರಿಗೆ ತಂಗಿ ಇಟ್ಟ ಹೆಸರು. ಕಣ್ಣು ಮಂಜಾದ ಮೇಲೆ ಅವನೇ ಗತಿ. ಹತ್ತನೇ ತಾರೀಕು ನಮ್ಮ ಗ್ರಂಥಾಲಯದ ಮುಖ್ಯಸ್ಥೆ ಮೇಡಂ ಎದುರು ಕೆಲಸ ಮಾಡಿ ತೋರಿಸಬೇಕು. ಗೆದ್ದರೆ ಗ್ರಂಥಾಲಯದ ಸರ್ವರ್‌ಗಳು ನನ್ನ ಕೈಯಲ್ಲೇ. ಇಲ್ಲವಾದರೆ ಪುಸ್ತಕ ಕೊಡುವ ಕೌಂಟರು. ಅಲ್ಲಿ ಕುಳಿತು ದಿನವಿಡೀ ಹಲ್ಲು ಕಿರಿಯುವುದು ನನ್ನಿಂದಾಗದು.

"ಷೆಲ್ ಅಂದ್ರೆ ಏನಕ್ಕಾ?" ತಂಗಿ ಕೇಳಿದಳು.

"ನಾನು ಟೈಪ್ ಮಾಡಿದ್ದನ್ನ ಯಂತ್ರಕ್ಕೆ ಮುಟ್ಟಿಸೋನು. ನಾಲ್ಕು ಥರದವರನ್ನ ಹಾಕ್ಕೊಂಡಿದೀನಿ."

"ಅದಕ್ಕೆ ನಾಲ್ಕು ಜನ ಬೇಕಾ?"

ಬೇಡ. ಆದರೆ ಕಿವಿಗೆ ಒಗ್ಗುವ ಒಬ್ಬ ಬೇಕು.

ಜೂನ್ ೪

ಝಡ್‌ಷೆಲ್ — ನನ್ನ ಹಳೆಯ ಪ್ರೀತಿ. ಸಾಲಿನ ಮೊದಲಿಗೆ ಬಾಣ, ಬಲತುದಿಗೆ ಗಡಿಯಾರ, ಎಲ್ಲ ನಾನೇ ತೊಡಿಸಿದ್ದು. ಪ್ರತಿ ಆಜ್ಞೆಗೂ ಗಿಳಿರಾಯ ಆ ಒಡವೆಗಳನ್ನೆಲ್ಲ ಒದರುತ್ತಾನೆ. ತಲೆ ಚಿಟ್ಟು ಹಿಡಿಯಿತು. ಡ್ಯಾಷ್ — ಮಿತಭಾಷಿ, ಆದರೆ ಹಿಂದಿನ ಆಜ್ಞೆ ನೆನಪಿಡುವುದಿಲ್ಲ. ಬ್ಯಾಷ್ — ಸಪ್ಪೆ, ನೋಡಲೇ ಇಲ್ಲ. ಫಿಶ್ — ಮಹಾ ಜಾಣ! ಮನಸ್ಸಿನಲ್ಲಿದ್ದುದನ್ನು ಮೊದಲೇ ಹೇಳುತ್ತಾನೆ. ಇವನೇ ಸರಿ ಅನ್ನಿಸುತ್ತಿದೆ…

ಜೂನ್ ೫, ಮಧ್ಯಾಹ್ನ

ಅಯ್ಯೋ. ಅಭ್ಯಾಸದ ಯಂತ್ರವಾದ್ದರಿಂದ ಬಚಾವು. 'ಸಂಗ್ರಹ'ದೊಳಗಿನ 'ಕಸ' ಫೋಲ್ಡರ್ ಮಾತ್ರ ಅಳಿಸಬೇಕಿತ್ತು. 'ಸಂಗ್ರಹ'ದವರೆಗೆ ಟೈಪ್ ಮಾಡುತ್ತಲೇ ಫಿಶ್ 'ಕಸ'ವನ್ನು ಬೂದುಬಣ್ಣದಲ್ಲಿ ಸೂಚಿಸಿದ. ಗಿಳಿರಾಯನಿಗೆ ಬಣ್ಣದ ಭೇದವಿಲ್ಲ. ಎರಡನ್ನೂ ಒಂದೇ ಉಸಿರಿಗೆ ಓದಿದ. ಪೂರ್ತಿ ಆಯಿತೆಂದು ಎಂಟರ್ ಒತ್ತಿದೆ. ಒಪ್ಪಿಗೆಯ ಕೀಲಿ ಒತ್ತದ ಕಾರಣ ಸೂಚನೆ ಆಜ್ಞೆಗೆ ಸೇರಿರಲೇ ಇಲ್ಲ. ಸಂಗ್ರಹ ಇಡಿಯಾಗಿ ಮಂಗಮಾಯ.

ಅದೇ ಹೊತ್ತಿಗೆ ಮೇಡಂ ಬಾಗಿಲಲ್ಲಿ. "ಹತ್ತನೇ ತಾರೀಕು ಹೀಗಾದ್ರೆ ನಾನೇನೂ ಮಾಡಕ್ಕಾಗಲ್ಲ ಕಣ್ರೀ."

ಜೂನ್ ೯

ಬರೆಯಲು ಮನಸ್ಸೇ ಇರಲಿಲ್ಲ. ತಂಗಿ ಬಿಡಬೇಕಲ್ಲ! ಪಕ್ಕದಲ್ಲಿ ಕುಳಿತು, ಕಣ್ಣು ಮುಚ್ಚಿ, ನಾಲ್ವರನ್ನೂ ಒಬ್ಬೊಬ್ಬರಾಗಿ ಕೇಳಿಸಿಕೊಂಡಳು.

"ಅಕ್ಕಾ, ಈ ಬ್ಯಾಷು ನೀನು ಟೈಪ್ ಮಾಡಿದ್ದಷ್ಟೇ ತೋರಿಸ್ತಾನೆ. ಕೇಳಿದ್ರೆ ಮಾತ್ರ ಸಹಾಯ, ಇಲ್ಲಾಂದ್ರೆ ಗಪ್‌ಚುಪ್. ಇಂಥ ಗಂಡು ನನಗೂ ಒಂದು ಹುಡುಕು."

ಹೌದಲ್ಲ! ಖುಷಿಗೆ ಮೇಜು ಕುಟ್ಟಿದೆ. ಸಪ್ಪೆಯೇ ಬೇಕಾಗಿತ್ತು ನನಗೆ.

ಜೂನ್ ೧೦, ಸಂಜೆ

ಮುಗಿಯಿತು. ಈ ಸಲ ನಿಜವಾದ ಸರ್ವರ್, ಅದೇ ಅಳಿಸುವ ಕೆಲಸ, ಜೊತೆಗೆ ಬ್ಯಾಷ್. ಎಂಟರ್ ಮೇಲೆ ಬೆರಳಿಟ್ಟು, ಸಾಲನ್ನು ಗಿಳಿರಾಯನಿಂದ ಮತ್ತೆ ಓದಿಸಿದೆ. ಒತ್ತಿದೆ. ಕಸ ಹೋಯಿತು, ಸಂಗ್ರಹ ಉಳಿಯಿತು. ಮೇಡಂ "ಹೇಳಿ ಕಳಿಸ್ತೀನಿ" ಎಂದರು, ಅಷ್ಟೇ. ಮನೆಗೆ ಬಂದೆ. ಊಟ ಸೇರಲಿಲ್ಲ…

ಈಗ ಫೋನು. ಮೇಡಂ!

"ಹೊಸ ಸರ್ವರ್ ಬಂದಿದೆ. ನೀವು ಬರೋವರೆಗೂ ಯಾರಿಗೂ ಮುಟ್ಟಕ್ಕೆ ಬಿಡಲ್ಲ. ಬೇಗ ಬನ್ನಿ."

ತಂಗಿ ಆಗಲೇ ಚಪ್ಪಲಿ ತಂದು ಕಾಲಬಳಿ ಇಟ್ಟಿದ್ದಾಳೆ. ಉಳಿದದ್ದು ಬಂದ ಮೇ—